ಹಂಚಿನ ಮಾಡಿನಲ್ಲಿ ಚಿಮಣಿಯ ಬುಡ ಸೋರುತ್ತಿದೆ, ಸಿಮೆಂಟು ಮೆತ್ತಿದರೂ ನಿಲ್ಲುತ್ತಿಲ್ಲ

ಪೋಂಡಾ_ಹಂಚಿನಮನೆ:

ಗೋವಾದ ಪೋಂಡಾ ಕಡೆ ಹಳೆಯ ಚಿರೆಕಲ್ಲಿನ (ಜಂಬಿಟ್ಟಿಗೆಯ) ಮನೆ, ಮಂಗಳೂರು ಹಂಚಿನ ಮಾಡು. ಹಿಂಭಾಗದ ಕಟ್ಟಿಗೆ ಒಲೆಗೂ ಬಚ್ಚಲ ಹಂಡೆಗೂ ಸೇರಿ ಒಂದೇ ಚಿಮಣಿ. ಹಂಡೆಗೆ ದಿನಾ ಬೆಂಕಿ ಹಾಕುತ್ತೇವೆ, ಹಾಗಾಗಿ ಚಿಮಣಿ ಕೆಡವುವ ಮಾತಿಲ್ಲ.

ಅಳತೆ: ಮಾಡಿನ ನೆತ್ತಿಯ ಉದ್ದಕ್ಕೆ 90 ಸೆಂ.ಮೀ., ಇಳಿಜಾರಿನ ಕಡೆಗೆ 60 ಸೆಂ.ಮೀ. ಹೊಗೆಗಂಡಿ 25 ಸೆಂ.ಮೀ. ಚೌಕ. ಚಿಮಣಿ ಇರುವುದು ಪಶ್ಚಿಮದ ಇಳಿಜಾರಿನಲ್ಲಿ, ನೆತ್ತಿಯಿಂದ ಅಡ್ಡಕ್ಕೆ ಅಳೆದರೆ 4 ಅಡಿ ದೂರ. ಹಂಚಿನಿಂದ ಎರಡೂವರೆ ಅಡಿ ಮೇಲೆದ್ದಿದೆ. ಇಳಿಜಾರು ಸುಮಾರು 30 ಡಿಗ್ರಿ.

ತೊಂದರೆ ಹೀಗಿದೆ. ಚಿಮಣಿಯ ಬೆನ್ನಿನ ಕಡೆ, ಅಂದರೆ ನೆತ್ತಿಯ ದಿಕ್ಕಿಗೆ, ಪಕಾಸಿನಿಂದ (ಮಾಡಿನ ಇಳಿಜಾರು ಮರದಿಂದ) ನೀರು ತೊಟ್ಟಿಕ್ಕುತ್ತದೆ. ಗಾಳಿ ಜೋರಾಗಿದ್ದ ದಿನ ಒಲೆಯ ಬೂದಿ ಒದ್ದೆಯಾಗಿರುತ್ತದೆ. ಅಟ್ಟದಲ್ಲಿ ಚಿಮಣಿಯ ಮೈಮೇಲೆ ಬಿಳಿ ಉಪ್ಪು ಎದ್ದಿದೆ, ಒಂದು ಮೂಲೆಯಲ್ಲಿ ಕಂದು ಕಲೆ ಇಳಿದಿದೆ. ಹೋದ ವರ್ಷ ಹಂಚು ಮತ್ತು ಚಿಮಣಿ ಸೇರುವಲ್ಲಿ ಸುತ್ತ 1:3 (ಸಿಮೆಂಟು 1, ಮರಳು 3) ಸಿಮೆಂಟು ಗಾರೆ ಮೆತ್ತಿಸಿ, ಮೇಲೆ ಡಾಂಬರು ಟೇಪು ಅಂಟಿಸಿದ್ದೆವು. ಆಷಾಢ ಮುಗಿಯುವುದರೊಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟು ಮತ್ತೆ ಶುರುವಾಯಿತು.

ಈಗ ಏಪ್ರಿಲ್. ಜೂನ್ ಮೊದಲ ವಾರದೊಳಗೆ ಕೆಲಸ ಮುಗಿಯಬೇಕು. ಯಾವುದನ್ನು ಮೊದಲು ಹಿಡಿಯಬೇಕು? ತಗಡು ಹಾಕಿಸುವುದಾದರೆ ಯಾವ ತಗಡು?

ಕಾಣಕೋಣ_ಮಾಡುಕೆಲಸ:

ನೀವು ಹೇಳಿದ್ದು ಒಂದು ಸೋರಿಕೆಯಲ್ಲ, ಮೂರು. ಮೂರಕ್ಕೂ ದಾರಿ ಬೇರೆ. ಬೆನ್ನಿನ ಕಡೆ ತೊಟ್ಟಿಕ್ಕುವುದು ಹಂಚು–ಚಿಮಣಿ ಸೇರುವ ಸಂದಿನದು. ಬೂದಿ ಒದ್ದೆಯಾಗುವುದು ಮೇಲಿನ ಬಾಯಿಯಿಂದ ಬೀಳುವ ಇರಿಚಲು. ಬಿಳಿ ಉಪ್ಪು ಎಂದರೆ ಕಲ್ಲೇ ನೀರು ಕುಡಿದು ಒಳಗೆ ಒಸರುತ್ತಿದೆ. ಕಂದು ಕಲೆಯನ್ನು ಮೂಸಿ ನೋಡಿ. ಸುಟ್ಟ ಕಟ್ಟಿಗೆಯ ಘಾಟು ಇದ್ದರೆ ಅದು ಮಳೆ ನೀರು ಮಾತ್ರ ಅಲ್ಲ, ಹಸಿ ಕಟ್ಟಿಗೆಯ ಹೊಗೆ ತಣ್ಣನೆಯ ಗೋಡೆಗೆ ತಾಗಿ ನೀರಾಗಿ ಮಸಿಯ ಜೊತೆ ಇಳಿದದ್ದು. ಮಳೆಗಾಲದಲ್ಲಿ ಒದ್ದೆ ಮಡಲು, ತೆಂಗಿನ ಸಿಪ್ಪೆ ಉರಿಸುವ ಮನೆಗಳಲ್ಲಿ ಇದು ಸಾಮಾನ್ಯ. ಅದಕ್ಕೆ ತಗಡು ಮದ್ದಲ್ಲ, ಒಣ ಕಟ್ಟಿಗೆ ಮತ್ತು ವರ್ಷಕ್ಕೊಮ್ಮೆ ಗಂಡಿಯ ಮಸಿ ತೆಗೆಸುವುದೇ ಮದ್ದು.

ಹೊತ್ತನ್ನೂ ಗಮನಿಸಿ. ಮಳೆ ಹಿಡಿದ ಐದು ನಿಮಿಷಕ್ಕೇ ತೊಟ್ಟಿಕ್ಕಿದರೆ ಸಂದು ಬಾಯಿ ಬಿಟ್ಟಿದೆ. ಒಂದೆರಡು ಗಂಟೆ ಸುರಿದ ಮೇಲೆ ಶುರುವಾಗಿ, ಮಳೆ ನಿಂತರೂ ಒಸರುತ್ತಿದ್ದರೆ ಕಲ್ಲು ಮತ್ತು ಗಾರೆ ತುಂಬಿಕೊಂಡಿವೆ.

ಈಗ ಬಿಸಿಲಿದೆ, ಪೈಪು ಹಿಡಿದು ಪರೀಕ್ಷೆ ಮಾಡಿ. ಒಬ್ಬರು ಅಟ್ಟದಲ್ಲಿ ಟಾರ್ಚು ಮತ್ತು ಸೀಮೆಸುಣ್ಣ ಹಿಡಿದು ಕೂರಲಿ. ಮೇಲಿನವರು ಕೆಳಗಿನಿಂದ ಶುರು ಮಾಡಬೇಕು: ಮೊದಲು ಚಿಮಣಿಯ ಕೆಳಗಿನ ಹಂಚು, ಆಮೇಲೆ ಮುಂಭಾಗದ ಸಂದು, ಎರಡು ಬದಿ, ಬೆನ್ನು, ಚಿಮಣಿಯ ಮೈ, ಕೊನೆಗೆ ಚಿಮಣಿಯ ನೆತ್ತಿಯ ಹಲಗೆ. ಒಂದೊಂದು ಕಡೆ 10–15 ನಿಮಿಷ ನೀರು ಮೆಲ್ಲಗೆ ಹರಿಯಲಿ. ಪೈಪಿನ ಬಾಯಿಗೆ ಬೆರಳಿಟ್ಟು ಚಿಮ್ಮಿಸಬೇಡಿ, ಮಳೆಯಲ್ಲಿ ಸೋರದ ಸಂದೂ ಆಗ ಸೋರುತ್ತದೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಸಂದುಗಳ ಮೇಲೂ ಹರಿದು ಬರುವುದರಿಂದ ಯಾವುದು ಕಳ್ಳ ಎಂದು ಗೊತ್ತೇ ಆಗುವುದಿಲ್ಲ.

ಅಟ್ಟದಲ್ಲಿ ಕೂತವರಿಗೆ ಒಂದು ಮಾತು. ಹನಿ ಬೀಳುವ ಜಾಗ ನೀರು ಒಳಗೆ ಬಂದ ಜಾಗವಲ್ಲ. ಹಂಚಿನ ಅಡಿಯಲ್ಲಿ ಒಳಗೆ ಬಂದ ನೀರು ಹಂಚಿನ ಹೊಟ್ಟೆಗೇ ಅಂಟಿಕೊಂಡು ಇಳಿದು, ರೀಪಿಗೆ (ಹಂಚು ಕೂರುವ ಅಡ್ಡ ಪಟ್ಟಿಗೆ) ತಾಗಿ ಅಡ್ಡಕ್ಕೆ ಹರಿದು, ಮೊಳೆಯೋ ಗಂಟೋ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಟಾರ್ಚನ್ನು ಮರಕ್ಕೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಆ ಹೊಳೆಯುವ ಗೆರೆ ಕಾಣುತ್ತದೆ. ಅದನ್ನು ಹಿಡಿದು ಮೇಲಕ್ಕೆ ಹೋಗಿ, ಶುರುವಾದಲ್ಲಿ ಗುರುತು ಹಾಕಿ.

ಮಾಡಿಗೆ ಹತ್ತುವಾಗ ನೆತ್ತಿಗೆ ಕೊಕ್ಕೆ ಹಾಕಿದ ಏಣಿಯನ್ನು ಮಲಗಿಸಿ ಅದರ ಮೇಲೆಯೇ ನಡೆಯಿರಿ, ಸೊಂಟಕ್ಕೆ ಹಗ್ಗ ಇರಲಿ. ಪಾಚಿ ಹಿಡಿದ ಒದ್ದೆ ಹಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ.

ತಗಡುಕೆಲಸ_ಪುಣೆ:

ಮೇಲಿನ ಮಾತು ಸರಿ. ಸಿಮೆಂಟು ಯಾಕೆ ನಿಲ್ಲಲಿಲ್ಲ ಎಂದು ಹೇಳುತ್ತೇನೆ, ಇಲ್ಲವಾದರೆ ಮುಂದಿನ ವರ್ಷವೂ ಯಾರೋ ಬಂದು ಅದನ್ನೇ ಮೆತ್ತುತ್ತಾರೆ.

ಚಿಮಣಿ ತನ್ನದೇ ಪಾಯದ ಮೇಲೆ ನಿಂತಿದೆ, ಮಾಡು ಗೋಡೆಯ ಮೇಲೆ ಕೂತಿದೆ. ಚಿಮಣಿ ದಿನಾ ಬಿಸಿಯಾಗಿ ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಬೇರೆ ಬೇರೆ ಅಲುಗುವ ಎರಡನ್ನು ಗಟ್ಟಿ ಗಾರೆಯಿಂದ ಬೆಸೆದರೆ ಗಾರೆ ಸೀಳಲೇಬೇಕು. ಕೂದಲೆಳೆ ಬಿರುಕು ಬೆರಳು ಹೋಗುವ ಸಂದಿಗಿಂತ ಕೆಟ್ಟದ್ದು: ದೊಡ್ಡ ಸಂದಿನಿಂದ ನೀರು ಇಳಿದುಹೋಗುತ್ತದೆ, ಸಣ್ಣ ಬಿರುಕು ನೀರನ್ನು ಬತ್ತಿಯ ಹಾಗೆ ಎಳೆದು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ತಗಡು ಎರಡು ಪದರ ಇರಬೇಕು. ಅಡಿ ತಗಡು ಮಾಡಿಗೆ ಸೇರಿದ್ದು, ಚಿಮಣಿಗೆ ಒರಗಿ ಮೇಲೇಳುತ್ತದೆ ಅಷ್ಟೇ. ಮುಚ್ಚು ತಗಡು ಚಿಮಣಿಗೆ ಸೇರಿದ್ದು, ಮೇಲಿನಿಂದ ಇಳಿದು ಅಡಿ ತಗಡಿನ ಮೇಲೆ ಸೆರಗಿನ ಹಾಗೆ ಬೀಳುತ್ತದೆ. ಎರಡರ ನಡುವೆ ಸ್ಕ್ರೂ, ರಿವೆಟ್, ಅಂಟು ಯಾವುದೂ ಇರಬಾರದು. ಪ್ರತಿಯೊಂದೂ ತನ್ನ ಪಾಡಿಗೆ ಅಲುಗಬೇಕು.

ವಿದೇಶಿ ವಿಡಿಯೋಗಳಲ್ಲಿ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ತಗಡು ತುಂಡುಗಳನ್ನು ಹಂಚಿನ ನಡುವೆ ಸೇರಿಸುವುದನ್ನು ತೋರಿಸುತ್ತಾರೆ. ಅದು ಚಪ್ಪಟೆ ಹೊದಿಕೆಯ ಮಾಡಿಗೆ. ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿ ಕೂರುವಂಥದ್ದು, ನಡುವೆ ತಗಡು ತೂರಿಸಿದರೆ ಹಂಚು ಎದ್ದು ನಿಲ್ಲುತ್ತದೆ. ನಮ್ಮ ಮಾಡಿಗೆ ಬದಿಯಲ್ಲಿ ಹಂಚಿನ ಅಡಿಗೆ ಸೇರುವ ತಗಡಿನ ದೋಣಿಯೇ ಸರಿ.

ಚಿಮಣಿ ಸುತ್ತ ಎರಡು ಸಾಲು ಹಂಚು ಇಳಿಸಿ, ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡಿ. ಮುಂಭಾಗದ ತಗಡು ಮೊದಲು: 120 ಸೆಂ.ಮೀ. ಉದ್ದ, 35 ಅಗಲ. 15 ಚಿಮಣಿಗೆ ಏರಲಿ, 20 ಕೆಳಗಿನ ಹಂಚಿನ ಮೇಲೆ ಮಲಗಲಿ. ಬದಿಯ ದೋಣಿ ಎರಡು, ತಲಾ 100 ಸೆಂ.ಮೀ. ಉದ್ದ, 30 ಅಗಲ: 15 ಏರು, 10 ತಳ, ಉಳಿದದ್ದು ಹೊರ ಅಂಚಿನಲ್ಲಿ ಮೇಲಕ್ಕೆ ಮಡಿಸಿದ ತಡೆ. ದೋಣಿಯ ಕೆಳತುದಿ ಮುಂಭಾಗದ ತಗಡಿನ ಮೇಲೆ ಬಂದು ಕಕ್ಕಬೇಕು, ಅದರ ಅಡಿಗೆ ಹೋದರೆ ಕೆಲಸ ಕೆಟ್ಟಿತು. ಬೆನ್ನಿನ ತಗಡು 120 x 70. ಮೇಲಿನ ಅಂಚು ಹಂಚಿನ ಅಡಿಗೆ ಕನಿಷ್ಠ 25–30 ಸೆಂ.ಮೀ. ಹೋಗಿ, ತುದಿಯಲ್ಲಿ ಒಂದು ಮಡಿಕೆ ಇರಲಿ. ತಗಡಿನ ಮೇಲೆ ತಗಡು ಕೂರುವಲ್ಲೆಲ್ಲ 15 ಸೆಂ.ಮೀ. ಹೊದಿಕೆ.

ಬೆನ್ನೇ ಇಲ್ಲಿ ಮುಖ್ಯ. 75 ಸೆಂ.ಮೀ.ಗಿಂತ ಅಗಲದ ಚಿಮಣಿಯ ಬೆನ್ನಿಗೆ ಚಪ್ಪಟೆ ತಗಡು ಸಾಲದು. ನಿಮ್ಮದು 90. ನೆತ್ತಿಯಿಂದ ಇಳಿದ ನೀರು, ಎಲೆ, ಕಸ ಎಲ್ಲ ಅಲ್ಲೇ ಗುಡ್ಡೆ ಬೀಳುತ್ತದೆ. ನಡುವೆ ಸುಮಾರು 25 ಸೆಂ.ಮೀ. ಎತ್ತರದ, ಎರಡು ಬದಿಗೆ ಇಳಿಯುವ ಕುದುರೆ ಜೀನಿನ ಆಕಾರ ಬೇಕು. ಮರದ ಚೌಕಟ್ಟು, ಮೇಲೆ 12 ಮಿ.ಮೀ. ಮರೈನ್ ಪ್ಲೈವುಡ್, ಅದರ ಮೇಲೆ ತಗಡು. ನೀರು ಎರಡಾಗಿ ಒಡೆದು ಬದಿಯ ದೋಣಿಗೆ ಹೋಗುತ್ತದೆ. ಜೀನು ಮತ್ತು ಹಂಚಿನ ನಡುವಿನ ಕಣಿವೆಯಲ್ಲಿ ಅಂಗೈ ಆಡುವಷ್ಟು ಜಾಗ ಬಿಡಿ, ಎಲೆ ತೆಗೆಯಲು ಬೇಕು. ಯಾವ ಮರವೂ ಚಿಮಣಿಯ ಕಲ್ಲಿಗೆ ತಾಗಬಾರದು, 5 ಸೆಂ.ಮೀ. ಬಿಡಿ. ಬೆಂಕಿಯ ವಿಷಯ ಅದು.

ಮುಚ್ಚು ತಗಡಿಗೆ ಚಿಮಣಿಯ ಮೈಯಲ್ಲಿ ಗ್ರೈಂಡರಿನಿಂದ 25 ಮಿ.ಮೀ. ಆಳದ ಗಾಡಿ (ಉದ್ದನೆಯ ಸಣ್ಣ ಕಾಲುವೆ) ಕೊಯ್ಯಬೇಕು. ತಗಡಿನ ತುದಿ ಮಡಿಸಿ ಗಾಡಿಯೊಳಗೆ ತೂರಿಸಿ, ಒಂದೂವರೆ ಅಡಿಗೊಂದರಂತೆ ತಗಡಿನ ಚೂರನ್ನೇ ಬೆಣೆಯಾಗಿ ಹೊಡೆದು, ಧೂಳು ಊದಿ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿ. ಮುಚ್ಚು ತಗಡು ಅಡಿ ತಗಡನ್ನು ಕನಿಷ್ಠ 7 ಸೆಂ.ಮೀ. ಮುಚ್ಚಲಿ. ಚಿರೆಕಲ್ಲು ತೂತು ತೂತು, ಗಾಡಿಯ ಅಂಚು ಉದುರುತ್ತದೆ. ಹಾಗಾಗಿ ಮೊದಲು ಆ ಮಟ್ಟದಲ್ಲಿ ಸುತ್ತ 15 ಸೆಂ.ಮೀ. ಅಗಲದ ಗಾರೆ ಪಟ್ಟಿ ಎಳೆಸಿ (ಸಿಮೆಂಟು 1, ಸುಣ್ಣ 1, ಮರಳು 6), ಏಳು ದಿನ ನೀರುಣಿಸಿ, ಆಮೇಲೆ ಕೊಯ್ಯಿರಿ.

ತಗಡು: ಪೋಂಡಾ ಕಡಲಿಗೆ ಅಂಟಿಕೊಂಡಿಲ್ಲ, ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಅರ್ಧ ಮಿ.ಮೀ. ಸಾಕು. ಕಡಲ ದಂಡೆಯ ಮನೆಗಾದರೆ 316. ಅಲ್ಯೂಮಿನಿಯಂ 0.7–0.8 ಮಿ.ಮೀ. ಕೂಡ ಆಗುತ್ತದೆ, ಆದರೆ ಹಸಿ ಸುಣ್ಣ, ಸಿಮೆಂಟು ಅದನ್ನು ತಿನ್ನುತ್ತವೆ. ಗಾರೆಗೆ ತಾಗುವ ಕಡೆ ಡಾಂಬರು ಬಣ್ಣ ಬಳಿಯಬೇಕು. ಜಿಐ (ಸತು ಲೇಪಿಸಿದ ಕಬ್ಬಿಣದ ತಗಡು) ಅಗ್ಗ, ಆದರೆ ಉಪ್ಪುಗಾಳಿಗೆ ಕೊಯ್ದ ಅಂಚಿನಿಂದಲೇ ತುಕ್ಕು ಹಿಡಿಯುತ್ತದೆ. ನಿಮ್ಮ ಅಳತೆಗೆ 8x4 ಅಡಿಯ ಒಂದೇ ಹಾಳೆ ಸಾಕು: ಅಡಿ ತಗಡುಗಳಿಗೆ ಉದ್ದದಲ್ಲಿ 165 ಸೆಂ.ಮೀ. ಹೋಗುತ್ತದೆ, ಉಳಿದ 79ರಲ್ಲಿ 15 ಅಗಲದ ಐದು ಮುಚ್ಚು ಪಟ್ಟಿ ಬರುತ್ತವೆ.

ಗೌಂಡಿ_ವಾಸ್ಕೊ:

ತಗಡಿನ ಮಾತು ಮೇಲೆ ಬಂದೈತಿ, ನಾ ಕಲ್ಲು–ಗಾರೆ ಕೆಲಸ ಹೇಳ್ತೀನಿ ನೋಡ್ರಿ. ಮೊದಲು ಮೇಲಿನ ಕೆಲಸ ಮುಗಸ್ರಿ, ಆಮ್ಯಾಲೆ ತಗಡು. ತಗಡು ಹಾಕಿದ ಮ್ಯಾಲೆ ಗೌಂಡಿ ಹತ್ತಿದ್ರ ಗಾರಿ ಬಿದ್ದು, ಕರಣಿ ಬಿದ್ದು ತಗಡು ನೆಗ್ಗತೈತಿ.

ಚಿಮಣಿ ನೆತ್ತಿ ಮ್ಯಾಲೆ ಭಾಳ ಮನಿಯಾಗ ಬರೇ ಗಿಲಾವು ತಿಕ್ಕಿ ಬಿಟ್ಟಿರ್ತಾರ. ಅದು ಬಿಸಲಿಗೆ ಸೀಳತೈತಿ. ಅದನ್ನ ಒಡದು ತಗದು ಕಾಂಕ್ರೀಟ್ ಹಲಗಿ ಹಾಕ್ರಿ. ನಿಮ್ಮ 90 x 60ಕ್ಕ ಸುತ್ತ 5 ಸೆಂ.ಮೀ. ಹೊರಗ ಚಾಚಿ 100 x 70 ಬೇಕು. ಗಂಡಿ ಹತ್ತರ 75 ಮಿ.ಮೀ. ದಪ್ಪ, ಅಂಚಿನ್ಯಾಗ 50, ಅಂದ್ರ ನೀರು ಹೊರಗ ಓಡಬೇಕು. ಚಾಚಿದ ಭಾಗದ ಅಡಿಗೆ, ಅಂಚಿನಿಂದ 25 ಮಿ.ಮೀ. ಒಳಗ, 10 ಮಿ.ಮೀ. ಗಾಡಿ ಬಿಡ್ರಿ. ಸೆಂಟ್ರಿಂಗ್ ಹಲಗಿ ಮ್ಯಾಲೆ ಒಂದು ಕಬ್ಬಿಣದ ಸಳಿಗೆ ಎಣ್ಣಿ ಹಚ್ಚಿ ಇಟ್ರ ಸಾಕು, ಬಿಚ್ಚಿದ ಮ್ಯಾಲೆ ಗಾಡಿ ತಾನ ಬರತೈತಿ. ಆ ಗಾಡಿ ಇಲ್ಲಂದ್ರ ನೀರು ಹಲಗಿ ಅಡಿಗೆ ತಿರಗಿ ಮತ್ತ ಕಲ್ಲಿಗೇ ಬರತೈತಿ.

ಹಲಗಿಗೂ ಕಲ್ಲಿಗೂ ನಡುವ ಡಾಂಬರು ಹಾಳಿ ಹಾಸ್ರಿ, ಹಲಗಿ ಬ್ಯಾರೆ ಹಿಗ್ಗತೈತಿ. ಒಳಗ 8 ಮಿ.ಮೀ. ಸಳಿ, 15 ಸೆಂ.ಮೀ.ಗೆ ಒಂದು. ಮಿಶ್ರಣ 1:1.5:3 (ಸಿಮೆಂಟು, ಮರಳು, ಜಲ್ಲಿ). ಒಟ್ಟು ಮಾಲು ಸುಮಾರು 40 ಲೀಟರ್, ಅದಕ್ಕ 17 ಕೆ.ಜಿ. ಸಿಮೆಂಟು, ನೀರು ಎಂಟೂವರಿ ಲೀಟರ್ ದಾಟಬಾರದು. ಒಂದು ಚೀಲ ತಂದ್ರ ಉಳದದ್ದು ಗಾರಿಗೆ ಬರತೈತಿ. ಹಲಗಿ 100 ಕೆ.ಜಿ. ತೂಗತೈತಿ, ಕೆಳಗ ಹಾಕಿ ಎತ್ತೂದು ಬ್ಯಾಡ, ಅಲ್ಲೇ ಹಾಕ್ರಿ. ಗೋಣಿಚೀಲ ಹೊಚ್ಚಿ ಏಳು ದಿನ ನೀರು ಹೊಡೀರಿ, ಅಲ್ಲೀತನಕ ಒಲಿ ಹಚ್ಚಬ್ಯಾಡ್ರಿ.

ಚಿರೆಕಲ್ಲಿನ ಸಂದು ತುಂಬಾಕ 1:3 ಸಿಮೆಂಟು ತಪ್ಪು. ಕಲ್ಲು ಮೆತ್ತಗ, ಗಾರಿ ಗಟ್ಟಿ ಆತಂದ್ರ ಗಾರಿ ಉಳದು ಕಲ್ಲಿನ ಅಂಚು ಉದರತೈತಿ, ಒಳಗಿನ ನೀರು ಹೊರಗ ಬರಾಕೂ ದಾರಿ ಇರಂಗಿಲ್ಲ. ಹಳೇ ಗಾರಿ 25 ಮಿ.ಮೀ. ಆಳಕ್ಕ ಕೆರದು, ನೀರು ಹೊಡದು, ಸಿಮೆಂಟು 1, ಸುಣ್ಣ 2, ಮರಳು 9 ಹಾಕಿ ಎರಡು ಸಲ ಒತ್ತಿ ತುಂಬ್ರಿ. ಮ್ಯಾಲೆ ಆಯಿಲ್ ಪೇಂಟ್ ಬ್ಯಾಡ. ಸುಣ್ಣ ಹೊಡೀರಿ, ಇಲ್ಲಾ ಪೂರ್ತಿ ಒಣಗಿದ ಮ್ಯಾಲೆ ಸಿಲೇನ್–ಸಿಲಾಕ್ಸೇನ್ ದ್ರವ ಎರಡು ಕೈ. ಅದು ನೀರು ತಡಿತೈತಿ, ಕಲ್ಲಿನ ಉಸಿರು ಕಟ್ಟಂಗಿಲ್ಲ.

ಡೊಂಬಿವಲಿ_3ನೇಮಹಡಿ:

ನಮ್ಮದು ಫ್ಲ್ಯಾಟ್, ಅಡುಗೆಮನೆಯ ಕರೆಂಟಿನ ಚಿಮಣಿ. ಮಳೆಗಾಲದಲ್ಲಿ ಪೈಪಿನಿಂದ ಸ್ಟವ್ ಮೇಲೆ ಹನಿ ಬೀಳುತ್ತದೆ. ಇಲ್ಲೇ ಕೇಳಬಹುದೇ?

ತಗಡುಕೆಲಸ_ಪುಣೆ:

ಕೇಳಿ. ಹನಿಯನ್ನು ಬೆರಳಿಗೆ ಹಚ್ಚಿ ಉಜ್ಜಿ. ಜಿಡ್ಡಾಗಿ ಹಳದಿಯಿದ್ದರೆ ಅದು ಪೈಪಿನ ಸುಕ್ಕುಗಳಲ್ಲಿ ನಿಂತ ಎಣ್ಣೆ, ಪೈಪು ಜೋತುಬಿದ್ದಿದೆ, ಎಳೆದು ನೆಟ್ಟಗೆ ಕಟ್ಟಿಸಿ. ನೀರೇ ಆಗಿದ್ದರೆ ಗೋಡೆಯ ತೂತು ಒಳಮುಖವಾಗಿ ಇಳಿಜಾರಾಗಿದೆ. 6 ಇಂಚಿನ ಪೈಪು ಗೋಡೆ ದಾಟುವಲ್ಲಿ ಹೊರಕ್ಕೆ ಕನಿಷ್ಠ 5 ಮಿ.ಮೀ. ಇಳಿದಿರಬೇಕು. ಹೊರಗೆ ರೆಕ್ಕೆಯಿರುವ, ಗಾಳಿ ಹಿಂದೆ ತಳ್ಳಿದರೆ ಮುಚ್ಚಿಕೊಳ್ಳುವ ಮುಚ್ಚಳ ಹಾಕಿಸಿ. ಅದರ ಮೇಲಂಚು ಮತ್ತು ಎರಡು ಬದಿಗೆ ಸೀಲಂಟ್ ಹಾಕಿ, ಕೆಳ ಅಂಚು ಬಿಡಿ, ಹೇಗೋ ಒಳಗೆ ಹೋದ ನೀರು ಅಲ್ಲಿಂದ ಹೊರಬೀಳಲಿ. ಫೋಮ್ ಮಾತ್ರ ತುಂಬಿ ಬಿಡುವವರಿದ್ದಾರೆ, ಬಿಸಿಲಿಗೆ ಅದು ಪುಡಿಯಾಗುತ್ತದೆ. ಬಚ್ಚಲಿನ ಗ್ಯಾಸ್ ಗೀಸರಿನ ಹೊಗೆ ಪೈಪು ಸೋರಿದರೆ ಯಾವ ಕಾರಣಕ್ಕೂ ಅದರ ಬಾಯಿಗೆ ಬಟ್ಟೆ, ಪ್ಲಾಸ್ಟಿಕ್ ತುರುಕಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಜೀವ ಹೋಗುತ್ತದೆ.

ಪೋಂಡಾ_ಹಂಚಿನಮನೆ:

ಪರೀಕ್ಷೆ ಮಾಡಿದೆವು. ಮುಂಭಾಗ, ಎರಡು ಬದಿ 15 ನಿಮಿಷವಾದರೂ ಒಣ. ಬೆನ್ನಿಗೆ ನೀರು ಬಿಟ್ಟ ನಾಲ್ಕನೇ ನಿಮಿಷಕ್ಕೆ ಪಕಾಸು ಒದ್ದೆ. ಚಿಮಣಿಯ ನೆತ್ತಿಯಲ್ಲಿ ಹಲಗೆಯೇ ಇಲ್ಲ, ಗಿಲಾವು ಮಾತ್ರ, ಅಡ್ಡಕ್ಕೆ ಸೀಳಿದೆ. ಬೆನ್ನಿನ ಕಡೆಯ ಎರಡು ರೀಪುಗಳಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಯ ಹಾಗೆ ಇಳಿಯುತ್ತದೆ. ಹಳೆ ಸಿಮೆಂಟು ಕೀಳುವಾಗ ಹಂಚು ಒಡೆಯುತ್ತವಲ್ಲ, ಅದಕ್ಕೇನು ಮಾಡಬೇಕು? ಮೇಲಿನ ಬಾಯಿಗೆ ಮುಚ್ಚಳ ಎಷ್ಟು ದೊಡ್ಡದು ಬೇಕು?

ಕಾಣಕೋಣ_ಮಾಡುಕೆಲಸ:

ಸಿಮೆಂಟು ಕಚ್ಚಿದ ಹಂಚು ಉಳಿಯುವುದಿಲ್ಲ, ಉಳಿಸಲು ಹೋಗಬೇಡಿ. ಒಂದನ್ನು ತಿರುಗಿಸಿ ಹಿಂಬದಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಅದೇ ಹೆಸರಿನ 20 ಹಂಚು ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಿ. ಬೇರೆ ಕಾರ್ಖಾನೆಯ ಹಂಚಿನ ಕಚ್ಚು ಒಂದೆರಡು ಮಿ.ಮೀ. ವ್ಯತ್ಯಾಸವಿದ್ದರೂ ಕೂರುವುದಿಲ್ಲ, ಅಲ್ಲೇ ಹೊಸ ಸೋರಿಕೆ ಹುಟ್ಟುತ್ತದೆ. ಮೆತ್ತಗಾದ ರೀಪನ್ನು ಒಂದು ಪಕಾಸಿನ ನಡುವಿನಿಂದ ಇನ್ನೊಂದರ ನಡುವಿನವರೆಗೆ ಪೂರ್ತಿ ಬದಲಿಸಿ. ಪಕ್ಕದ ಪಕಾಸಿಗೂ ಚುಚ್ಚಿ ನೋಡಿ.

ಬಾಯಿಯ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. 3 ಮೀಟರ್ ಒಳಗೆ ಇರುವ ಮಾಡಿನ ಯಾವುದೇ ಭಾಗಕ್ಕಿಂತ ಚಿಮಣಿ 2 ಅಡಿ ಎತ್ತರ ಇರಬೇಕು. 30 ಡಿಗ್ರಿಯಲ್ಲಿ 4 ಅಡಿ ಹೋದರೆ ನೆತ್ತಿ 2.3 ಅಡಿ ಏರುತ್ತದೆ. ನಿಮ್ಮ ಎರಡೂವರೆ ಅಡಿಯ ಚಿಮಣಿ ನೆತ್ತಿಗಿಂತ ಎರಡು–ಮೂರು ಇಂಚು ಮಾತ್ರ ಮೇಲಿದೆ. ಮಾಡಿಗೆ ಬಡಿದು ಸುತ್ತುವ ಗಾಳಿ ಮಳೆಯನ್ನೂ ಹೊಗೆಯನ್ನೂ ಗಂಡಿಯೊಳಗೆ ಒತ್ತುತ್ತದೆ. ಕಲ್ಲು ಕಟ್ಟಿ ಎತ್ತರಿಸಿದರೆ ಹಳೆ ಚಿಮಣಿಯ ಮೇಲೆ ಆರೇಳು ನೂರು ಕೆ.ಜಿ. ಬೀಳುತ್ತದೆ, ಬೇಡ. ಗೌಂಡಿಯವರು ಹಲಗೆ ಹಾಕುವಾಗ ಗಂಡಿಯ ಸುತ್ತ 5 ಸೆಂ.ಮೀ. ಎತ್ತರದ ಕಟ್ಟೆ ಬಿಡಲಿ. ಅದರ ಮೇಲೆ 28 ಸೆಂ.ಮೀ. ವ್ಯಾಸದ, 2 ಅಡಿಯ ಎಸ್‌ಎಸ್ ಕೊಳವೆ ನಿಲ್ಲಿಸಿ. ಗಂಡಿಯ ಅಗಲ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಕೊಳವೆಯ ಬುಡದಲ್ಲಿ ಕಟ್ಟೆಯನ್ನು ಹೊರಗಿನಿಂದ ಮುಚ್ಚುವ ಪಾವಡೆ ತಗಡು, ಮೂರು ದಿಕ್ಕಿಗೆ ತಂತಿ.

ಮುಚ್ಚಳ ಕೊಳವೆಯ ಬಾಯಿಯಿಂದ 15 ಸೆಂ.ಮೀ. ಮೇಲಿರಲಿ. ಇರಿಚಲು 45 ಡಿಗ್ರಿಯಲ್ಲಿ ಬೀಳುತ್ತದೆ ಎಂದುಕೊಂಡರೆ ಮುಚ್ಚಳ ಸುತ್ತಲೂ 15 ಚಾಚಬೇಕು, ಅಂದರೆ 58 ಸೆಂ.ಮೀ. ವ್ಯಾಸ. ಹಕ್ಕಿ ತಡೆಯಲು 12 ಮಿ.ಮೀ. ಕಣ್ಣಿನ ಜಾಲರಿ. ಸೊಳ್ಳೆ ಜಾಲರಿ ಹಾಕಿಸಿದರೆ ಮಸಿ ಕಟ್ಟಿ ಹೊಗೆ ಮನೆಗೇ ತಿರುಗುತ್ತದೆ.

ಗೌಂಡಿ_ವಾಸ್ಕೊ:

ಮೇ ಮೊದಲನೇ ವಾರಕ್ಕ ಕೈ ಹಚ್ಚಿದ್ರ ಮುಗೀತೈತ್ರಿ. ಸಂದು ತುಂಬೂದು, ಗಾರಿ ಪಟ್ಟಿ, ಹಲಗಿ, ಮೂರೂ ಒಮ್ಮಿಗೇ ಹಾಕಿ ಏಳು ದಿನ ನೀರು. ಆಮ್ಯಾಲೆ ಮರ ಎರಡು ದಿನ, ತಗಡು ಎರಡು ದಿನ. ಮೇ ತಿಂಗಳಾಗ ಸಂಜಿಗೆ ಮಳಿ ಬರತೈತಿ, ತಾಡಪತ್ರಿ ತಯಾರ ಇಟ್ಕೋರಿ. ಸೀಲಂಟ್ ತುಂಬೂ ದಿನ ಗಾಡಿ ಒಣಾ ಇರಬೇಕು, ಹಸಿ ಕಲ್ಲಿಗೆ ಅದು ಹಿಡಿಯಂಗಿಲ್ಲ.

ತಗಡುಕೆಲಸ_ಪುಣೆ:

ಹಂಚು ಮತ್ತೆ ಕೂರಿಸುವ ಮುಂಚೆ ಅದೇ ಪೈಪಿನಿಂದ ಬೆನ್ನಿನ ಜೀನಿಗೆ 15 ನಿಮಿಷ ನೀರು ಬಿಡಿ. ನೀರು ಎರಡು ದೋಣಿಗೂ ಸಮ ಹರಿದು ಮುಂಭಾಗದ ತಗಡಿನ ಮೇಲೆ ಬಿದ್ದರೆ ಮುಚ್ಚಿ. ಒಂದೇ ಕಡೆ ಹೋಗುತ್ತಿದ್ದರೆ ಜೀನು ಓರೆಯಾಗಿದೆ, ಆಗಲೇ ಬಿಚ್ಚಿ ಸರಿಮಾಡಿಸಿ. ಜೂನಿನ ಮೊದಲ ದೊಡ್ಡ ಮಳೆಯ ದಿನ ಅಟ್ಟಕ್ಕೆ ಹತ್ತಿ, ಸೀಮೆಸುಣ್ಣದ ಹಳೆ ಗುರುತಿನ ಮೇಲೆ ಅಂಗೈ ಇಟ್ಟು ನೋಡಿ. ಬೆನ್ನಿನ ಕಣಿವೆಯ ಎಲೆಯನ್ನು ಮೇ ಕೊನೆಗೊಮ್ಮೆ ತೆಗೆಯಿರಿ. ಮಳೆ ನಡುವೆ ಕಟ್ಟಿಕೊಂಡಿತೆಂದು ಅನಿಸಿದರೆ ಮಾಡಿಗೆ ಹತ್ತಬೇಡಿ, ಅಟ್ಟದಿಂದಲೇ ಒಂದು ಹಂಚು ಮೇಲೆತ್ತಿ ಕೈ ಹಾಕಿ.